ಹೆಸರಿಲ್ಲದ ವೇಷ

ಭಾನುವಾರದಿಂದ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ನಾನು ಹಾಕುದಿಲ್ಲ. ಬಣ್ಣ ಅವನೇ ಹಾಕ್ಲಿ."

ನಮ್ಮ ಹವ್ಯಾಸಿ ತಂಡ ಈ ಸಲ ಫ್ರಾಂಕನ್‌ಸ್ಟೈನ್ ಹಿಡಿದುಕೊಂಡಿದೆ. ಸತ್ತವರ ಅಂಗಗಳನ್ನು ಜೋಡಿಸಿ ಜೀವ ಕೊಟ್ಟ ರಾಕ್ಷಸನ ಕತೆ, ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿಯ ಕಾದಂಬರಿ. ರೂಪಾಂತರ ನನ್ನದು. ನಿರ್ದೇಶಕರಿಗೆ ಮೊದಲ ದಿನದಿಂದ ಒಂದೇ ಹಠ: ರಾಕ್ಷಸನಿಗೆ ಚಪ್ಪಟೆ ತಲೆ, ಹಸಿರು ಮುಖ, ಕುತ್ತಿಗೆಗೆ ಎರಡು ಬೋಲ್ಟು. ಬೋಲ್ಟು 1931ರ ಸಿನಿಮಾದ್ದು, ಆ ಸಿನಿಮಾವೂ ಕಪ್ಪು-ಬಿಳುಪಿನದು, ಮೇರಿ ಶೆಲ್ಲಿ 1818ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ. ಪುಸ್ತಕದವನಿಗೆ ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು, ಕಪ್ಪು ತುಟಿ. ಅವನನ್ನು ಮಾಡಿದ ವಿಕ್ಟರ್ ಚಂದದ ಅಂಗಗಳನ್ನೇ ಆರಿಸಿ ಜೋಡಿಸಿದ್ದ. ಜೀವ ಬಂದು ಕಣ್ಣು ಬಿಟ್ಟಿತೋ ಇಲ್ಲವೋ, ನೋಡಲಾಗದೆ ಕೋಣೆ ಬಿಟ್ಟು ಓಡಿದ. "ಹಳದಿ ಹಚ್ಚಿದರೆ ಕಾಮಾಲೆ ಬಂದವನ ಹಾಗೆ ಕಾಣ್ತಾನೆ ಸರ್" ಎಂದರು ನಿರ್ದೇಶಕರು. ಅದೂ ಸುಳ್ಳಲ್ಲ ಬಿಡಿ.

ಜಗಳ ಮುಗಿಯಲೆಂದು, ಆ ಪಾತ್ರ ಮಾಡುವ ಹುಡುಗ ತನ್ನ ಸೋದರಮಾವನನ್ನು ತಾಲೀಮಿಗೆ ಕರೆತಂದ. ತೆಂಕುತಿಟ್ಟಿನ ಯಕ್ಷಗಾನ ಮೇಳದಲ್ಲಿ ವರ್ಷಗಟ್ಟಲೆ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡಿದವರು. ಮಹಿಷಾಸುರನಾಗಿ ದೊಂದಿ ಹಿಡಿದು ಸಭೆಯ ನಡುವಿನಿಂದ ನುಗ್ಗಿ ಬಂದವರು. ಈಗ ಮೊಣಕಾಲು ಹೋಗಿದೆ. ನಾವೂ ಮಾವ ಎಂದೇ ಕರೆದೆವು.

ಚಾ ಕುಡಿದು ಹುಡುಗನ ಮುಖವನ್ನೊಮ್ಮೆ ನೋಡಿ ಕೇಳಿದರು: "ವೇಷದ ಹೆಸರೆಂಥದು?"

"ಹೆಸರಿಲ್ಲ ಮಾವ. ಫ್ರಾಂಕನ್‌ಸ್ಟೈನ್ ಅಂದ್ರೆ ಮಾಡಿದವನು. ಇವನಿಗೆ ಹೆಸರೇ ಇಡ್ಲಿಲ್ಲ."

"ಹೆಸರಿಲ್ಲದ ವೇಷ ಉಂಟಾ ಮಾರಾಯ? ಬಣ್ಣ ಯಾರು ಹಾಕುದು?"

"ನೀವೇ ಅಂತ..."

"ನಾನು ಹಾಕುದಿಲ್ಲ. ಬಣ್ಣ ಅವನೇ ಹಾಕ್ಲಿ. ರಾಕ್ಷಸನಿಗೆ ಇನ್ನೊಬ್ಬ ಬಣ್ಣ ಹಾಕುದಾ?"

ನಿರ್ದೇಶಕರು ನಕ್ಕರು. ನನಗೆ ನಗು ಬರಲಿಲ್ಲ. ಚೌಕಿಯಲ್ಲಿ, ಅಂದರೆ ಮೇಳದ ಬಣ್ಣದ ಕೋಣೆಯಲ್ಲಿ, ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಟ್ಟುಕೊಳ್ಳುತ್ತ, ಒಣಗಿದ್ದರ ಮೇಲೆ ಮತ್ತೆ ಇಡುತ್ತ, ತನ್ನ ಕಣ್ಣೆದುರೇ ತಾನು ಇನ್ನೊಬ್ಬನಾಗುತ್ತಾನೆ. ಸಣ್ಣವನಿದ್ದಾಗ ಚೌಕಿಗೆ ಇಣುಕಿ ಎಷ್ಟು ಸಲ ನೋಡಿಲ್ಲ! ಆದರೂ ನಮ್ಮ ನಾಟಕದವನನ್ನು ಎರಡು ನಿಮಿಷ ಕನ್ನಡಿಯೆದುರು ಕೂರಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ಹೊಳೆಯದೆ ಇದ್ದದ್ದಲ್ಲ, ಇದ್ದದ್ದನ್ನೇ ಕತ್ತರಿಸಿದ್ದೆ. ಕಾದಂಬರಿಯಲ್ಲಿ ಅವನು ಬಡ ಕುಟುಂಬವೊಂದರ ಗುಡಿಸಲ ಪಕ್ಕ ಅಡಗಿ, ಅವರ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತಾನೆ. ಆ ದಿನಗಳಲ್ಲಿ ಒಮ್ಮೆ ಕೊಳದ ತಿಳಿನೀರಿನಲ್ಲಿ ತನ್ನ ಮುಖ ನೋಡಿ ಬೆಚ್ಚಿ ಹಿಂದೆ ಸರಿಯುತ್ತಾನೆ. ನಾಟಕ ಉದ್ದವಾಯಿತೆಂದು ಮೊದಲು ಬಿದ್ದದ್ದು ಆ ದೃಶ್ಯವೇ. ಆ ಕುಟುಂಬದ ಕುರುಡ ಮುದುಕನ ದೃಶ್ಯ ಉಳಿಸಿಕೊಂಡಿದ್ದೆ, ಅಳು ಬರಿಸುತ್ತದೆಂದು. ಬರೆಯುವವರ ಜಾಣತನ ಇಷ್ಟೇ.

ನಿರ್ದೇಶಕರ ಕತ್ತರಿ ಇನ್ನೂ ದೊಡ್ಡದು. "ಇವನಿಗ್ಯಾಕೆ ಇಷ್ಟು ಮಾತು, ಗುರುಗುಟ್ಟಿದರೆ ಸಾಲದೇ?" ಎನ್ನುತ್ತಿದ್ದರು. 1823ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಇದನ್ನು ರಂಗಕ್ಕೆ ತಂದವರೂ ಹಾಗೇ ಮಾಡಿದ್ದರು. ಕಾದಂಬರಿಯಲ್ಲಿ ಕವಿ ಮಿಲ್ಟನ್ನನನ್ನು ಓದಿಕೊಂಡವನನ್ನು ಮೂಗನಾಗಿಸಿದರು. ಆದರೆ ಪಾತ್ರಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ನಾಟಕ ನೋಡಲು ಹೋದ ಮೇರಿ ಶೆಲ್ಲಿಗೆ ಆ ಗೆರೆ ಹಿಡಿಸಿತಂತೆ. 2011ರಲ್ಲಿ ಅದೇ ಊರಿನ ನ್ಯಾಷನಲ್ ಥಿಯೇಟರಿನಲ್ಲಿ ಇಬ್ಬರು ನಟರು ಒಂದು ದಿನ ಮಾಡಿದವನು, ಇನ್ನೊಂದು ದಿನ ಮಾಡಿಸಿಕೊಂಡವನು ಎಂದು ಪಾತ್ರ ಬದಲಾಯಿಸಿಕೊಂಡರು. ನನಗೆ ಹೊಟ್ಟೆಕಿಚ್ಚು. ನಮ್ಮಲ್ಲಿ ಒಬ್ಬನಿಗೇ ಮಾತು ಬಾಯಿಗೆ ಬಂದಿಲ್ಲ.

ಮಾವ ಚೀಲದಿಂದ ಅಂಗೈಯಗಲದ ಕನ್ನಡಿ ತೆಗೆದು ಹುಡುಗನ ಕೈಗಿತ್ತರು. ಅವನು ಹಳದಿ ತೀಡಿಕೊಂಡ. ಎಡಗಣ್ಣಿನ ಕೆಳಗೆ ಕಪ್ಪು ಗೆರೆ ಓರೆಯಾಯಿತು. ಒರೆಸಿದ, ಮತ್ತೆ ಎಳೆದ, ಮತ್ತೆ ಓರೆ. ಸರಿಮಾಡಲು ನಾನು ಕೈ ಚಾಚಿದೆ. ಮಾವ ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ ಏನಲ್ಲ, ಆದರೆ ಬಿಡಲಿಲ್ಲ. ಮೂರನೇ ಸಲ ಹುಡುಗ ಒರೆಸಲಿಲ್ಲ. ಓರೆ ಗೆರೆಯನ್ನೇ ನೋಡುತ್ತ ಕೂತ. ನಿರ್ದೇಶಕರು ಫೋನು ಕೆಳಗಿಟ್ಟರು.

ಬೋಲ್ಟಿನ ಸುದ್ದಿ ಅಲ್ಲಿಗೆ ನಿಂತಿತು. ಕೊಳದ ದೃಶ್ಯ ವಾಪಸು ಬಂದಿದೆ, ಮಾತಿಲ್ಲದೆ, ಕನ್ನಡಿಯೊಂದಿಗೆ. ಅದಕ್ಕೆ ಬದಲಾಗಿ ನನ್ನ ಪ್ರೀತಿಯ ಒಂದೂವರೆ ಪುಟ ಹೋಯಿತು.

ನಿನ್ನೆ ಕರಪತ್ರ ಅಚ್ಚಿಗೆ ಕಳಿಸಿದೆ. ಹುಡುಗನ ಹೆಸರಿನ ಎದುರಿಗೆ ಗೆರೆಯಷ್ಟೇ ಹಾಕಿದ್ದೆ. ರಾತ್ರಿ ಒಂಬತ್ತಕ್ಕೆ ಡಿಟಿಪಿಯವರ ಫೋನು: "ಸರ್, ಒಂದು ಪಾತ್ರದ ಹೆಸರು ಬಿಟ್ಟುಹೋಗಿದೆ. ಏನು ಹಾಕ್ಲಿ?"