ಪಕ್ಕದ ಮನೆಯ ವಿಷಯ

‘ಅದು ಅವರ ಮನೆ ವಿಷಯ, ನಮಗ್ಯಾಕೆ?’ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗೋಡೆಯ ಆಚೆ ಯಾರನ್ನೋ ಹೊಡೆಯುವ ಸದ್ದು. ಈಚೆ ಟಿವಿ ವಾಲ್ಯೂಮ್ ಜಾಸ್ತಿ. ಹೊಡೆಯುವವನಿಗೆ ಇದಕ್ಕಿಂತ ಧೈರ್ಯ ಇನ್ನೇನು ಬೇಕು?

2008ರಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆ ‘ಬೆಲ್ ಬಜಾವೋ’, ಅಂದರೆ ‘ಬೆಲ್ ಒತ್ತಿ’ ಅಂತ ಮನೆಯೊಳಗಿನ ಹಿಂಸೆಯ ವಿರುದ್ಧ ಒಂದು ಅಭಿಯಾನ ಶುರು ಮಾಡಿತ್ತು. ಅದರ ಜಾಹೀರಾತೊಂದು ಇವತ್ತು ಯಾಕೋ ನೆನಪಾಯಿತು. ಪಕ್ಕದ ಮನೆಯ ಗಲಾಟೆ ಕೇಳಿ ಒಬ್ಬ ಎದ್ದು ಹೋಗಿ ಬೆಲ್ ಒತ್ತುತ್ತಾನೆ. ಬಾಗಿಲು ತೆಗೆದರೆ, ಸ್ವಲ್ಪ ಹಾಲು ಸಿಗುತ್ತಾ ಅಂತ ಕೇಳುತ್ತಾನೆ. ಅಷ್ಟೇ. ಉಪದೇಶ ಇಲ್ಲ, ಜಗಳ ಇಲ್ಲ. ಆದರೆ ಹೊರಗಿನವರಿಗೆ ಎಲ್ಲ ಕೇಳಿಸುತ್ತಿದೆ ಅನ್ನೋದು ಹೊಡೆಯುತ್ತಿದ್ದವನಿಗೆ ಗೊತ್ತಾಗುತ್ತದೆ.

ಎಲ್ಲ ಸಲವೂ ಇಷ್ಟೇ ಸಾಲದು, ನಿಜ. ಬೆಲ್ ಒತ್ತಿದವರಿಗೇ ಅಪಾಯ ಅನಿಸಿದರೆ ಪೊಲೀಸರಿಗೆ ಫೋನ್ ಮಾಡಬೇಕು. ಸುಮ್ನೆ ಕೇಸು ಮೈಮೇಲೆ ಬಂದೀತು ಅನ್ನೋ ಭಯ ತುಂಬ ಜನಕ್ಕಿದೆ. ಆದರೆ ನಮ್ಮ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ರಕ್ಷಣಾಧಿಕಾರಿಗೆ, ಅಂದರೆ ಇದಕ್ಕಂತಲೇ ಸರ್ಕಾರ ನೇಮಿಸಿದ ಅಧಿಕಾರಿಗೆ, ವಿಷಯ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ.

ಉಗಾಂಡದ ಕಂಪಾಲಾದಲ್ಲಿ ‘ಸಾಸಾ!’ ಅನ್ನೋ ಕಾರ್ಯಕ್ರಮ ನಡೆಯಿತು. ಅಲ್ಲಿನ ಜನರೇ ತರಬೇತಿ ಪಡೆದು, ಮನೆಯಲ್ಲಿ ಯಾರ ಕೈ ಮೇಲು, ಯಾಕೆ ಮೇಲು ಅಂತ ನೆರೆಹೊರೆಯವರ ಜೊತೆ ಮಾತಾಡುತ್ತಾ ಹೋದರು. 2014ರಲ್ಲಿ ಬಂದ ಅಧ್ಯಯನದಲ್ಲಿ, ಆ ಬಡಾವಣೆಗಳಲ್ಲಿ ಸಂಗಾತಿಯಿಂದ ಹೆಂಗಸರ ಮೇಲಾಗುವ ಹಲ್ಲೆ ಬೇರೆ ಕಡೆಗಿಂತ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ನಾವು ಪಾರ್ಕಿಂಗ್ ಬಗ್ಗೆ ನಮ್ಮ ನಿವಾಸಿಗಳ ಸಂಘದ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಇದಕ್ಕೂ ಹತ್ತು ನಿಮಿಷ ಕೊಡಬಹುದು, ಅಲ್ವಾ?