ಮೀಟರ್ ಹತ್ತು ನಿಮಿಷ, ಪೈಪು ಅರ್ಧ ದಿನ

ಸಾಹುಕಾರ್ರ ಬಿಳಿ ಪಂಚೆಯಿಂದಲೇ ಶುರು ಮಾಡ್ತೀನಿ.

ಬಳ್ಳಾರಿಯಲ್ಲಿ ನಾನು ಸ್ವಂತ ಗ್ಯಾರೇಜ್ ಹಾಕಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಹತ್ತಿ ವ್ಯಾಪಾರದ ಸಾಹುಕಾರ್ರೊಬ್ಬರು ತಮ್ಮ ಅಂಬಾಸಿಡರ್‌ಗೆ, ಇಂಜಿನ್ ಎಣ್ಣೆಯ ಒತ್ತಡ ತೋರಿಸುವ ಆಯಿಲ್ ಪ್ರೆಶರ್ ಮೀಟರ್ ಹಾಕಿಸಿಕೊಂಡರು. ನೇರವಾಗಿ ಎಣ್ಣೆ ಒತ್ತಡದಲ್ಲೇ ಓಡುವ ಮೆಕ್ಯಾನಿಕಲ್ ಮೀಟರ್. ಇಂಜಿನ್ನಿನಿಂದ ಮೀಟರ್ ತನಕ ಒಂದು ತೆಳ್ಳನೆಯ ತಾಮ್ರದ ಪೈಪ್ ಎಳೆದೆ. ಎಲ್ಲೂ ಸೊಟ್ಟ ಇಲ್ಲ, ಬಟ್ಟೆ ಒಣಹಾಕುವ ತಂತಿ ಹಂಗೆ ಬಿಗಿಯಾಗಿ, ನೆಟ್ಟಗೆ. ನೋಡೋಕೆ ಅಚ್ಚುಕಟ್ಟು. ನನ್ನ ಕೆಲಸಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಮೂರು ವಾರ ಆಗಿತ್ತು. ಹೊಸಪೇಟೆ ಕಡೆ ಹೊರಟಿದ್ದ ಸಾಹುಕಾರ್ರು ತೋರಣಗಲ್ಲು ಹತ್ತಿರದಿಂದ ಫೋನ್ ಮಾಡಿದರು. "ದೀಪಾವಳಿ ಇನ್ನೂ ದೂರ ಐತಲ್ಲೋ ತಮ್ಮಾ, ಈಗ್ಲೇ ಎಣ್ಣಿ ಸ್ನಾನ ಮಾಡಿಸಿಬಿಟ್ಟೆಲ್ಲೋ!"

ಹೋಗಿ ನೋಡಿದರೆ ಮೊಣಕಾಲಿಂದ ಕೆಳಗೆ ಪಂಚೆ ಪೂರಾ ಕಪ್ಪು. ಚಪ್ಪಲಿ, ಮ್ಯಾಟು, ಕ್ಲಚ್ ಪೆಡಲ್ ಎಲ್ಲ ಎಣ್ಣೆ. ಮೀಟರಿನ ಹಿಂದೆ, ನಟ್ಟಿನ ಬುಡದಲ್ಲಿ ಪೈಪು ಕೂದಲೆಳೆಯಷ್ಟು ಸೀಳಿತ್ತು. ಪುಣ್ಯಕ್ಕೆ ಅವರು ಮುಳ್ಳು ಸೊನ್ನೆಗೆ ಬಿದ್ದದ್ದು ನೋಡಿ ತಕ್ಷಣ ಇಂಜಿನ್ ಆಫ್ ಮಾಡಿದ್ದರು. ಡಿಪ್‌ಸ್ಟಿಕ್ ತೆಗೆದರೆ ಎಣ್ಣೆ ಕೆಳಗಿನ ಗೆರೆಗೂ ಕೆಳಗೆ ಹೋಗಿತ್ತು. ಇನ್ನೊಂದು ಐದು ಕಿಲೋಮೀಟರ್ ಓಡಿಸಿದ್ದರೆ ಪಂಚೆ ಜೊತೆ ಇಂಜಿನ್ನೂ ಹೋಗ್ತಿತ್ತು.

ಇಂಜಿನ್ ಅನ್ನೋದು ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತೆ. ಸ್ಟಾರ್ಟ್ ಮಾಡಿದಾಗ, ಗೇರ್ ಹಾಕಿದಾಗ, ಗುಂಡಿಗೆ ಬಿದ್ದಾಗ ಅದು ಅಲ್ಲಾಡುತ್ತೆ. ಡ್ಯಾಶ್‌ಬೋರ್ಡ್ ಅಲ್ಲಾಡಲ್ಲ. ನಡುವೆ ನೆಟ್ಟಗೆ ಬಿಗಿದ ತಾಮ್ರದ ಪೈಪಿಗೆ ಆ ಜಗ್ಗಾಟ ಪೂರಾ ಬೀಳುತ್ತೆ. ತಾಮ್ರದ ಗುಣ ಹೆಂಗಂದ್ರೆ, ಬಗ್ಗಿಸಿದಷ್ಟೂ ಗಡುಸಾಗುತ್ತೆ, ಗಡುಸಾದಷ್ಟೂ ಸೀಳುತ್ತೆ. ಇದೆಲ್ಲ ನನಗೆ ಗೊತ್ತಿರಲಿಲ್ಲ ಅಂತಲ್ಲ. ನನಗೆ ಕೆಲಸ ಕಲಿಸಿದ ಉಸ್ತಾದ್ ಹೇಳಿದ್ದರು. ನಾನು ಅಂದ ನೋಡೋಕೆ ಹೋದೆ ಅಷ್ಟೇ.

ಈ ಬೇಸಿಗೆಯಲ್ಲಿ ಅದೇ ಕೆಲಸ ಮತ್ತೆ ಬಂತು. ಜೀನ್ಸ್ ಹೊಲಿಸುವ ಯೂನಿಟ್ ನಡೆಸುವ ಹುಡುಗ, ತಾತನ 1986ರ ಮಾರ್ಕ್ 4 ಅಂಬಾಸಿಡರ್ ತಂದ. ಪೆಟ್ರೋಲ್ ಗಾಡಿ, 1489 ಸಿಸಿ. ಬ್ರಿಟಿಷ್ ಬಿಎಂಸಿ ಕಂಪನಿಯ ಬಿ ಸೀರೀಸ್ ವಂಶದ ಇಂಜಿನ್. 2014ರಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತ ಮೇಲೆ ಇವಕ್ಕೆ ಬೆಲೆ ಬಂದಿದೆ, ಕೆಲಸ ಗೊತ್ತಿದ್ದವರು ಕಮ್ಮಿ ಆಗಿದ್ದಾರೆ.

"ಅಣ್ಣಾ, ರಾಯಲ್ ಸರ್ಕಲ್‌ನಾಗ ನಿಂತ್ರೆ ಸಾಕು, ಆಯಿಲ್ ಲೈಟ್ ಮಿಣಮಿಣ ಅಂತೈತಿ. ಎರಡು ಸಲ ಸ್ವಿಚ್ ಬದಲಿ ಮಾಡ್ಸೀನಿ."

ಎಣ್ಣೆ ಒತ್ತಡ ಇಳಿದಾಗ ಆ ದೀಪ ಹತ್ತಿಸೋ ಸ್ವಿಚ್ ಅದು, ಇಂಜಿನ್ನಿನ ಮೈಗೆ, ಅಂದ್ರೆ ಬ್ಲಾಕಿಗೆ ಬಿಗಿದಿರುತ್ತೆ. ಬದಲಿ ಮಾಡಿದವನಿಗೆ ಬೈಯಲ್ಲ. ಮೊದಲು ಅಗ್ಗದ್ದು ಬದಲಿಸಿ ನೋಡೋದು ಎಲ್ಲರೂ ಮಾಡುವುದೇ. ಆದರೆ ಕೆಂಪು ದೀಪಕ್ಕೆ ಗೊತ್ತಿರೋದು ಎರಡೇ ಮಾತು, ಇದೆ ಅಥವಾ ಇಲ್ಲ. ಒತ್ತಡ 5ರಿಂದ 10 ಪೌಂಡಿನ ಆಸುಪಾಸಿಗೆ ಇಳಿದ ಮೇಲೆ ಅದು ಬಾಯಿ ಬಿಡುತ್ತೆ. 50ರಿಂದ 20ಕ್ಕೆ ಬಿದ್ದರೂ ಅದಕ್ಕೆ ನಿದ್ದೆ. ಅಂದ ಹಾಗೆ ಪೌಂಡ್ ಅಂದ್ರೆ ಪಿಎಸ್‌ಐ. ಟೈರ್ ಗಾಳಿಗೆ ಹೇಳ್ತೀವಲ್ಲ, ಅದೇ. ಕೆಲವು ಮೀಟರ್‌ನಲ್ಲಿ ಬಾರ್ ಲೆಕ್ಕ ಇರುತ್ತೆ, 1 ಬಾರ್ ಅಂದ್ರೆ ಸುಮಾರು 14.5 ಪೌಂಡ್. "ಮುಳ್ಳು ಮೂರರ ಮೇಲೆ ಹೋಗ್ತಾನೇ ಇಲ್ಲ" ಅಂತ ಗಾಬರಿಯಾಗಿ ಬಂದವರನ್ನೂ ನೋಡಿದ್ದೀನಿ, ಅದು 3 ಬಾರ್, ಅಂದ್ರೆ 43 ಪೌಂಡ್ ಹತ್ತಿರ.

ಗ್ಯಾರೇಜಿನ ಟೆಸ್ಟ್ ಮೀಟರನ್ನ ಸ್ವಿಚ್ ಜಾಗಕ್ಕೆ ಹಾಕಿದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ 60. ಕುಡತಿನಿ ತನಕ ಓಡಿಸಿಕೊಂಡು ಬಂದು, ನಿಂತಲ್ಲೇ ಇಂಜಿನ್ ಐಡ್ಲಿಂಗ್‌ಗೆ ಬಿಟ್ಟರೆ 8. ನಮ್ಮೂರ ಮೇ ತಿಂಗಳು ಗೊತ್ತಲ್ವಾ, ಬಾನೆಟ್ ಮುಟ್ಟಿದರೆ ಕೈ ಚುರ್ ಅನ್ನುತ್ತೆ. ಬಿಸಿಗೆ ಎಣ್ಣೆ ತೆಳ್ಳಗಾಗುತ್ತೆ, ಸವೆದ ಬೇರಿಂಗ್ ಸಂದಿಯಿಂದ ಜಾಸ್ತಿ ಜಾರುತ್ತೆ, ಒತ್ತಡ ಇಳಿಯುತ್ತೆ. ಯಾವ ಆಯಿಲ್ ಹಾಕಿಸಿದ್ದಿ ಅಂದೆ. ಮನೆಯ ಹೊಸ ಕಾರಿಗೆ ತಂದು ಉಳಿದಿದ್ದ ತೆಳು ಆಯಿಲ್ಲನ್ನೇ ಇದಕ್ಕೂ ಸುರಿಸಿದ್ದ. ಹಳೇ ಅಂಬಾಸಿಡರ್‌ಗೆ 20ಡಬ್ಲ್ಯೂ-50 ಅನ್ನೋ ದಪ್ಪ ಆಯಿಲ್ ಹಾಕಬೇಕು. ಅದನ್ನ ಹಾಕಿ, ಫಿಲ್ಟರ್ ಬದಲಿಸಿ ಮತ್ತೆ ನೋಡಿದರೆ ಬಿಸಿ ಐಡ್ಲಿಂಗ್‌ನಲ್ಲಿ 15, ಓಟದಲ್ಲಿ 50ರ ಹತ್ತಿರ. ದೀಪ ಸುಮ್ನಾಯಿತು. ಸಾವಿರ ಆರ್‌ಪಿಎಂಗೆ ಹತ್ತು ಪೌಂಡ್ ಇರಬೇಕು ಅಂತ ಹಳೇ ಮೆಕ್ಯಾನಿಕ್‌ಗಳ ಒಂದು ಅಂದಾಜು ಇದೆ. ಆ ಲೆಕ್ಕದಲ್ಲಿ ಇದು ಪರವಾಗಿಲ್ಲ. ಬೇರಿಂಗ್ ಸ್ವಲ್ಪ ಸವೆದಿದೆ, ಆದರೆ ಇವತ್ತೇ ಬಿಚ್ಚುವ ಅರ್ಜೆಂಟ್ ಏನಿಲ್ಲ.

ಹುಡುಗನ ಕಣ್ಣು ಮಾತ್ರ ಆ ಮೀಟರ್ ಮೇಲೇ ಇತ್ತು. "ಇದನ್ನ ಗಾಡಿಗೇ ಹಾಕಿಬಿಡಣ್ಣಾ."

ವೈರ್ ಮೇಲೆ ಓಡುವ ಎಲೆಕ್ಟ್ರಿಕ್ ಮೀಟರ್ ಹಾಕು, ಕಾಟ ಕಡಿಮೆ ಅಂದೆ. ಇಂಜಿನ್ ಹತ್ತಿರ ಒತ್ತಡವನ್ನ ಕರೆಂಟಿನಲ್ಲಿ ತಿಳಿಸೋ ಒಂದು ಸೆಂಡರ್, ಅಲ್ಲಿಂದ ಒಂದು ವೈರ್, ಅಷ್ಟೇ. ಎಣ್ಣೆ ಒಳಗೆ ಬರಲ್ಲ. ಆದರೆ ಹಳೇ ಗಾಡಿಯ ಅರ್ತ್ ಕೆಟ್ಟಿದ್ದರೆ, ವೋಲ್ಟೇಜ್ ಏರುಪೇರಾದರೆ ಮುಳ್ಳು ಸುಳ್ಳು ಹೇಳುತ್ತೆ. ಮೆಕ್ಯಾನಿಕಲ್ ಮೀಟರಿಗೆ ಕರೆಂಟಿನ ಹಂಗಿಲ್ಲ. ಒಳಗೆ ಕುಡುಗೋಲಿನಂತೆ ಬಾಗಿದ ಒಂದು ಚಪ್ಪಟೆ ಹಿತ್ತಾಳೆ ನಳಿಕೆ ಇರುತ್ತೆ. ಜಾತ್ರೆಯಲ್ಲಿ ಮಕ್ಕಳು ಊದುವ, ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಪೀಪಿ ನೋಡಿದ್ದೀರಲ್ಲ, ಅದೇ ಆಟ. ಎಣ್ಣೆ ಒಳಗೆ ಒತ್ತಿದರೆ ನಳಿಕೆ ನೆಟ್ಟಗಾಗೋಕೆ ನೋಡುತ್ತೆ, ಅದರ ತುದಿ ಸಣ್ಣ ಹಲ್ಲುಚಕ್ರದ ಮೂಲಕ ಮುಳ್ಳನ್ನ ತಿರುಗಿಸುತ್ತೆ. ಯೂಜೀನ್ ಬೋರ್ಡನ್ ಅನ್ನೋ ಫ್ರೆಂಚ್ ಮನುಷ್ಯ 1849ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯ. ಗ್ಯಾಸ್ ವೆಲ್ಡಿಂಗ್ ಸಿಲಿಂಡರಿನ ಮೀಟರಲ್ಲೂ ಇದೇ ಇರೋದು.

ಹುಡುಗ ಮೆಕ್ಯಾನಿಕಲ್ಲೇ ಬೇಕು ಅಂದ. ಪಂಚೆ ಕಥೆ ಹೇಳಿದೆ. ನಕ್ಕ. "ನಾನು ಜೀನ್ಸ್ ಹಾಕ್ತೀನಣ್ಣಾ, ಕಾಣಂಗಿಲ್ಲ" ಅಂದ.

ಹೊಸ ಮೀಟರಿನ ಕಿಟ್‌ನಲ್ಲಿ ನೈಲಾನ್ ಪೈಪ್ ಬಂದಿತ್ತು. ಅದನ್ನ ಪಕ್ಕಕ್ಕಿಟ್ಟೆ. ಕೆಲವರು ಅದನ್ನೇ ಹಾಕಿ ವರ್ಷಗಟ್ಟಲೆ ಓಡಿಸ್ತಾರೆ, ನಿಜ. ನನಗೆ ಮನಸ್ಸಿಲ್ಲ. ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡಿಗೆ ತಾಗಿದರೆ ಕರಗುತ್ತೆ, ನಮ್ಮೂರ ಬಿಸಿಲಿಗೆ ದಿನ ಕಳೆದಂತೆ ಪೆಡಸಾಗಿ ಮುರಿಯುತ್ತೆ. ತಾಮ್ರ ತಂದೆ. ಅಂಗಡಿಯ ಸುರುಳಿ ಎಷ್ಟು ಹಳೇದೋ, ಗಡುಸಾಗಿತ್ತು. ಗ್ಯಾಸ್ ಒಲೆ ಮೇಲೆ ತುಂಡು ತುಂಡಾಗಿ ಮಂಕು ಕೆಂಪು ಬರೋ ತನಕ ಕಾಯಿಸಿ ಬಕೆಟ್ ನೀರಿಗೆ ಅದ್ದಿದೆ. ಕೆಲಸ ಕಲಿಯುವ ಹುಡುಗ "ಗಟ್ಟಿ ಆಗಂಗಿಲ್ಲೇನು ಉಸ್ತಾದ್?" ಅಂದ. ಕಬ್ಬಿಣದ ಉಳಿ ಹಂಗೆ ಮಾಡಿದರೆ ಗಟ್ಟಿಯಾಗುತ್ತೆ. ತಾಮ್ರ ಮೆತ್ತಗಾಗುತ್ತೆ. ಅವನ ಕೈಗೇ ಕೊಟ್ಟೆ. ನೂಡಲ್ಸ್ ಹಂಗೆ ಬಗ್ಗಿತು, ನಗ್ತಾ ನಿಂತ.

ಗರಗಸದಲ್ಲಿ ಕೊಯ್ಯಬಾರದು. ಪೈಪಿನ ತೂತೇ ಸೂಜಿ ಹೋಗುವಷ್ಟು, ಅದರೊಳಗೆ ತಾಮ್ರದ ಪುಡಿ ಸೇರಿದರೆ ಮುಗೀತು. ಚಕ್ರದ ಕಟರ್‌ನಲ್ಲಿ ಕೊಯ್ದು, ಬಾಯಿಯ ಚೂಪು ತೆಗೆದು, ಕಂಪ್ರೆಸರ್ ಗಾಳಿ ಊದಿದೆ. ಇಂಜಿನ್ ಪಕ್ಕದಲ್ಲಿ ದೊಡ್ಡ ಟಾರ್ಚ್ ಸೆಲ್ಲಿಗೆ ಸುತ್ತಿ ಮೂರು ಸುರುಳಿ ಮಾಡಿದೆ. ಅಲ್ಲಾಟ ಎಲ್ಲ ಆ ಸುರುಳಿಯೇ ನುಂಗಿಕೊಳ್ಳಬೇಕು. ಸಾಹುಕಾರ್ರ ಪೈಪಿನಲ್ಲಿ ಇಲ್ಲದೇ ಹೋದದ್ದು ಈ ಮೂರು ಸುತ್ತು.

ಮುಂದಿನದು ಥ್ರೆಡ್. ಇಲ್ಲಿ ದುಡುಕಿದವರು ಬ್ಲಾಕನ್ನೇ ಕೆಡಿಸಿಕೊಳ್ತಾರೆ. ಕಿಟ್‌ನ ಅಡಾಪ್ಟರ್ ಮೇಲೆ 1/8 ಅಂತ ಇತ್ತು. ಬ್ಲಾಕಿನದೂ 1/8. ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ಬಿಗಿಯಾಯಿತು. ಪಾನಾ ಹಾಕಿ ಒತ್ತೋಣ ಅನ್ನಿಸುವ ಗಳಿಗೆ ಅದೇ. ಥ್ರೆಡ್ ಗೇಜ್ ತೆಗೆದು ನೋಡಿದೆ. ಅಡಾಪ್ಟರ್ ಅಮೆರಿಕದ ಎನ್‌ಪಿಟಿ, ಇಂಚಿಗೆ 27 ಥ್ರೆಡ್. ಬ್ಲಾಕಿನಿಂದ ಬಿಚ್ಚಿದ್ದು ಬ್ರಿಟಿಷ್ ಬಿಎಸ್‌ಪಿ, ಇಂಚಿಗೆ 28. ಒಂದೇ ಒಂದು ಥ್ರೆಡ್ ವ್ಯತ್ಯಾಸ, ದಪ್ಪವೂ ಕೂದಲೆಳೆ ಬೇರೆ. ಒತ್ತಿ ಹಾಕಿದರೆ ಹೋಗುತ್ತೆ, ಬ್ಲಾಕಿನ ಥ್ರೆಡ್ ತಿಂದುಕೊಂಡು ಹೋಗುತ್ತೆ. (1/8 ಅನ್ನೋದು ಪೈಪಿನ ಲೆಕ್ಕ. ಥ್ರೆಡ್ಡಿನ ಮೈ ಅಳೆದರೆ 10 ಮಿಲಿಮೀಟರ್ ಹತ್ತಿರ ಬರುತ್ತೆ. ಅಂಗಡಿಯವನ ಜೊತೆ ಈ ವಿಷಯಕ್ಕೆ ಎಷ್ಟು ಸಲ ಜಗಳ ಆಡಿದ್ದೀನೋ.) ಲೇತ್ ಅಂಗಡಿಗೆ ಹೋಗಿ ಬಿಎಸ್‌ಪಿ ಲೆಕ್ಕಕ್ಕೆ ಹಿತ್ತಾಳೆಯ ಟೀ, ಅಂದ್ರೆ ಮೂರು ಬಾಯಿಯ ಜಾಯಿಂಟ್ ಮಾಡಿಸಿಕೊಂಡು ಬಂದೆ. ಒಂದು ಬಾಯಿ ಬ್ಲಾಕಿಗೆ, ಒಂದು ಮೀಟರ್ ಪೈಪಿಗೆ, ಇನ್ನೊಂದು ಹಳೇ ದೀಪದ ಸ್ವಿಚ್ಚಿಗೆ. ದೀಪ ತೆಗೆಯಬಾರದು. ಓಡಿಸುವವನು ಸದಾ ಮೀಟರ್ ನೋಡ್ತಾ ಕೂರಲ್ಲ, ಕೆಂಪು ದೀಪ ಕಣ್ಣಿಗೆ ಹೊಡೆಯುತ್ತೆ.

ಪೈಪಿಗೆ ಹೋಗುವ ಬಾಯಿಯಲ್ಲಿ ಗುಂಡುಸೂಜಿ ಗಾತ್ರದ ತೂತು ಮಾತ್ರ ಬಿಡೋಕೆ ಹೇಳಿದ್ದೆ. ಒತ್ತಡ ತೋರಿಸೋಕೆ ಅಷ್ಟು ಸಾಕು. ಪೈಪು ಸೀಳಿದರೂ ಎಣ್ಣೆ ಧೋ ಅಂತ ಸುರಿಯಲ್ಲ, ಗಾಡಿ ನಿಲ್ಲಿಸೋಕೆ ಟೈಮ್ ಸಿಗುತ್ತೆ.

ಬಿಳಿ ಟೆಫ್ಲಾನ್ ಟೇಪನ್ನ ನಲ್ಲಿಗೆ ಸುತ್ತಿದ ಹಂಗೆ ಇಲ್ಲಿ ಸುತ್ತಬಾರದು. ಅದರ ಚೂರು ಒಳಗೆ ಹೋದರೆ ಎಣ್ಣೆ ದಾರಿ ಕಟ್ಟುತ್ತೆ. ಇನ್ನೊಂದು, ದೀಪದ ಸ್ವಿಚ್ಚಿಗೆ ಅರ್ತ್ ಸಿಗೋದೇ ಥ್ರೆಡ್ ಮೂಲಕ. ಟೇಪ್ ಜಾಸ್ತಿ ಸುತ್ತಿದರೆ ದೀಪ ಹತ್ತೋದೇ ಇಲ್ಲ. ಗಿರಾಕಿ ಖುಷಿಯಾಗಿ ಮನೆಗೆ ಹೋಗ್ತಾನೆ, ಅದು ಇನ್ನೂ ಅಪಾಯ. ತಾಮ್ರದ ವಾಷರ್ ಹಾಕಿದೆ, ಟೇಪ್ ಮುಟ್ಟಲಿಲ್ಲ.

ಬ್ಯಾಟರಿ ವೈರ್ ಬಿಚ್ಚಿ ಆಮೇಲೆ ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿದೆ. ಅಲ್ಲಿ ಹಳೇ ವೈರುಗಳ ಸಂತೆ. ತಾಮ್ರದ ಪೈಪು ಕೀ ಸ್ವಿಚ್ಚಿನ ಕರೆಂಟಿಗೆ ತಾಗಿದರೆ ಪೈಪೇ ಕೆಂಡವಾಗುತ್ತೆ, ಅದರೊಳಗೆ ಎಣ್ಣೆ ಬೇರೆ. ಅದಕ್ಕೇ ಪೈಪಿನ ಉದ್ದಕ್ಕೂ ರಬ್ಬರ್ ಸ್ಲೀವ್ ತೊಡಿಸಿದೆ. ಇಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿದೆ, ಇಲ್ಲದಿದ್ದರೆ ತಗಡಿನ ಅಂಚು ಚಾಕು ಹಂಗೆ ಉಜ್ಜುತ್ತೆ. ತಾತನ ಕಾಲದ ಡ್ಯಾಶ್‌ಬೋರ್ಡಿಗೆ ಹೊಸ ತೂತು ಕೊರೆಯೋಕೆ ಮನಸ್ಸಾಗಲಿಲ್ಲ. ಕೆಳಗೆ ಪಟ್ಟಿ ಕಟ್ಟಿ ಮೀಟರ್ ಕೂರಿಸಿದೆ. ಅದಕ್ಕೆ ಹಿಡಿದದ್ದು ಹತ್ತೇ ನಿಮಿಷ.

ಮೀಟರಿಗೆ ನಟ್ ಬಿಗಿಯುವಾಗ ಎರಡು ಪಾನಾ ಬೇಕು. ಒಂದರಲ್ಲಿ ಮೀಟರಿನ ಕುತ್ತಿಗೆ ಹಿಡಿದು, ಇನ್ನೊಂದರಲ್ಲಿ ನಟ್ ತಿರುಗಿಸಬೇಕು. ಒಂದೇ ಪಾನಾದಲ್ಲಿ ಮಾಡಿದರೆ ಕುತ್ತಿಗೆ ತಿರುಚಿ, ಒಳಗಿನ ನಳಿಕೆ ಹಾಳಾಗಿ, ಹೊಸ ಮೀಟರ್ ಮೊದಲ ದಿನವೇ ತಪ್ಪು ತೋರಿಸುತ್ತೆ.

ಆಮೇಲೆ ಬ್ಯಾಟರಿ ಜೋಡಿಸಿದೆ. ಇಂಜಿನ್ ಸ್ಟಾರ್ಟ್ ಆಗದ ಹಂಗೆ ಕಾಯಿಲ್ ವೈರ್ ಕಿತ್ತು ಬರೀ ಸೆಲ್ಫ್ ಹೊಡೆದೆವು. ಮೀಟರ್ ಹತ್ತಿರದ ನಟ್ ಒಂದು ಎಳೆ ಸಡಿಲ ಬಿಟ್ಟು, ಬಟ್ಟೆ ಹಿಡಿದಿದ್ದೆ. ಮೊದಲು ಪುಸ್ ಅಂತ ಗಾಳಿ, ಗುಳ್ಳೆ, ಆಮೇಲೆ ಎಣ್ಣೆಯ ಹನಿ. ಬಿಗಿದೆ. ಮುಳ್ಳು ಮೆಲ್ಲಗೆ ಎದ್ದಿತು. ಕಾಯಿಲ್ ಜೋಡಿಸಿ ಸ್ಟಾರ್ಟ್ ಮಾಡಿದರೆ 60. ಒಂದೊಂದು ಜಾಯಿಂಟಿಗೂ ಪೇಪರ್ ಚೂರು ಒತ್ತಿ ನೋಡಿದೆ. ಕಣ್ಣಿಗೆ ಕಾಣದ ಪಸೆ ಪೇಪರಿಗೆ ಕಾಣುತ್ತೆ.

ನೂರು ಕಿಲೋಮೀಟರ್ ಓಡಿಸಿ ತಪ್ಪದೇ ಬಾ ಅಂತ ಕಳಿಸಿದ್ದೆ. ಎರಡೇ ದಿನಕ್ಕೆ ಬಂದ. ಸಂಡೂರು ತನಕ ಹೋಗಿ ಬಂದಿದ್ದನಂತೆ. "ಘಾಟ್ ಹತ್ತುವಾಗ 45, ಇಳಿಯುವಾಗ..." ಅಂತ ಕ್ರಿಕೆಟ್ ಸ್ಕೋರ್ ಹಂಗೆ ಒಪ್ಪಿಸ್ತಾ ಇದ್ದ. ರಸ್ತೆ ನೋಡೋ ಮಾರಾಯಾ ಅಂದೆ. ಪೇಪರ್ ಒತ್ತಿದರೆ ಟೀ ಹತ್ತಿರದ ನಟ್ಟಿನಲ್ಲಿ ಸಾಸಿವೆ ಕಾಳಿನಷ್ಟು ಕಲೆ. ತಾಮ್ರ ಮೊದಲ ಬಿಸಿಗೆ ಸ್ವಲ್ಪ ಕೂತಿತ್ತು. ಕಾಲು ಸುತ್ತಿಗೂ ಕಮ್ಮಿ ಬಿಗಿದೆ, ನಿಂತಿತು.

ಹೋಗುವಾಗ ಅವನ ಡಿಕ್ಕಿಯಲ್ಲಿ ಒಂದು ಹಿತ್ತಾಳೆ ಬಿರಡೆ, ಒಂದು ವಾಷರ್, ಒಂದು ಪಾನಾ ಇಟ್ಟೆ. ದಾರಿಯಲ್ಲಿ ಪೈಪು ಕೈಕೊಟ್ಟರೆ ಅದನ್ನ ಬಿಚ್ಚಿ ಟೀ ಬಾಯಿಗೆ ಬಿರಡೆ ಹಾಕಿ, ಆಯಿಲ್ ತುಂಬಿಸಿ ದೀಪ ನೋಡಿಕೊಂಡು ಊರು ಸೇರಬಹುದು. ಸಾಹುಕಾರ್ರ ಡಿಕ್ಕಿಯಲ್ಲೂ ಅಂಥದ್ದೊಂದು ಡಬ್ಬಿ ಇದೆ. ಅವರಿಗೆ ಈಗ ಎಂಬತ್ತರ ಹತ್ತಿರ, ಗಾಡಿ ಮಗ ಓಡಿಸ್ತಾನೆ. ಹೋದ ವಾರ ಸರ್ವೀಸಿಗೆ ಬಂದಿದ್ದರು. ಇವತ್ತಿಗೂ ಬಿಳಿ ಪಂಚೆಯೇ. ಮುಂದಿನ ಸೀಟಿಗೆ ಬಾ ಅಂದರೆ ಮಾತ್ರ ಬರಲ್ಲ.