ರಕ್ತನೇ ಇಲ್ಲದ ಗಿಡಕ್ಕೆ ಎಂಥಾ ಇಮ್ಯುನಿಟಿ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಏನು ಕೆಲಸ ಮಾಡ್ತೀರಿ ಅಂತಾರೆ. ಗಿಡಗಳು ರೋಗವನ್ನು ಹೇಗೆ ತಡೆಯುತ್ತವೆ ಅಂತ ನೋಡ್ತೀನಿ ಅನ್ನುತ್ತೇನೆ. ಮೊದಲು ಒಂದು ನಗು ಬರುತ್ತದೆ. ಹಿಂದೆಯೇ, "ಗಿಡಕ್ಕೆ ರಕ್ತನೇ ಇಲ್ವಲ್ಲ!" ನನಗೆ ಉರಿಯುವುದು ಆ 'ನೇ' ಕೇಳಿದಾಗ. ಗಿಡ ಏನೋ ಮನೆಯಲ್ಲೇ ಮರೆತು ಬಂದ ಹಾಗೆ.

ಕಳೆದ ಸಲ ಕೇಳಿದವರು ಹಲ್ಲಿನ ಡಾಕ್ಟರು. ಆಗ ನನ್ನ ಬಾಯಲ್ಲಿ ಹತ್ತಿ, ಒಂದು ಕೊಳವೆ, ಅವರ ಎರಡು ಬೆರಳು. ನಾನು "ಆಆ" ಅಂದೆ. ಅದನ್ನೇ ಒಪ್ಪಿಗೆ ಅಂದುಕೊಂಡು, "ಅದೇ ಮತ್ತೆ, ಬಿಳಿ ರಕ್ತಕಣ ಇಲ್ಲ, ಇನ್ನೆಲ್ಲಿಯ ಇಮ್ಯುನಿಟಿ" ಅಂತ ತಾವೇ ತೀರ್ಪು ಕೊಟ್ಟರು. ಅವತ್ತು ನಾನು ನುಂಗಿಕೊಂಡ ಉತ್ತರ ಇದು.

ಬಿಳಿ ರಕ್ತಕಣ ಇಲ್ಲ, ಸರಿ. ಅದಕ್ಕೇ ಗಿಡದ ಪ್ರತಿ ಜೀವಕೋಶವೂ ತನ್ನನ್ನು ತಾನೇ ನೋಡಿಕೊಳ್ಳಬೇಕು. ಕೋಶದ ಹೊರಪೊರೆಯಲ್ಲಿ ರಿಸೆಪ್ಟರುಗಳಿವೆ, ಅಂದರೆ ಹೊರಗೆ ಬಂದವರನ್ನು ಗುರುತಿಸುವ ಪ್ರೋಟೀನುಗಳು. ನಾವು ಜಾಸ್ತಿ ತಲೆ ಕೆಡಿಸಿಕೊಂಡಿರುವುದು ಎಫ್‌ಎಲ್‌ಎಸ್2 ಅನ್ನೋ ರಿಸೆಪ್ಟರ್ ಬಗ್ಗೆ. ಬ್ಯಾಕ್ಟೀರಿಯಾ ಈಜುವ ಬಾಲದ ಪ್ರೋಟೀನಿನಲ್ಲಿ 22 ಅಮೈನೊ ಆಮ್ಲ ಉದ್ದದ ಒಂದು ಚೂರು ಸಿಕ್ಕರೆ ಸಾಕು, ಇದು ಗುರುತು ಹಿಡಿದು ಕೋಶದೊಳಗೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅರಾಬಿಡಾಪ್ಸಿಸ್ ಅನ್ನೋ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ 2000ರಲ್ಲೇ ಇದು ಪತ್ತೆಯಾಯಿತು.

ಆದರೆ ರಿಸೆಪ್ಟರ್ ತಾನಾಗಿ ಪೊರೆಗೆ ಬಂದು ಕೂರುವುದಿಲ್ಲ. ಒಳಗೆ ತಯಾರಾಗಿ, ಗಾಲ್ಜಿ ಅನ್ನೋ ಕೋಶದೊಳಗಿನ ವಿಂಗಡಣೆ ಕಟ್ಟೆ ದಾಟಿ, ವೆಸಿಕಲ್ ಅನ್ನೋ ಪುಟ್ಟ ಪೊರೆಚೀಲದಲ್ಲಿ ಅಲ್ಲಿಗೆ ತಲುಪಬೇಕು. ಕೆಲಸ ಆದಮೇಲೆ ಅದನ್ನು ಒಳಗೆ ಎಳೆದುಕೊಳ್ಳುವುದೂ ಇಂಥದೇ ಚೀಲ. ಇದನ್ನು ಕಣ್ಣಾರೆ ನೋಡಬಹುದು. ಎಫ್‌ಎಲ್‌ಎಸ್2ಗೆ ಹಸಿರಾಗಿ ಹೊಳೆಯುವ ಪ್ರೋಟೀನ್ ಅಂಟಿಸಿ, ಎಲೆಯ ಚೂರನ್ನು ಮೈಕ್ರೋಸ್ಕೋಪಿನಡಿ ಇಡುತ್ತೇವೆ. ಮೇಲ್ಪದರದ ಕೋಶಗಳು ಜಿಗ್‌ಸಾ ಪಜಲ್ ತುಂಡುಗಳ ಹಾಗೆ ಅಂಕುಡೊಂಕು. ಅವುಗಳ ಅಂಚಿಗೆಲ್ಲ ತೆಳ್ಳಗೆ ಹಸಿರು ಗೆರೆ. ಆ 22ರ ಚೂರನ್ನು ಹಾಕಿ ಕಾಯಬೇಕು. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಕತ್ತಲೆ ರೂಮಿನಲ್ಲಿ ನಿದ್ದೆ ಬರುತ್ತದೆ. ಅರ್ಧ ಗಂಟೆ ಹೊತ್ತಿಗೆ ಗೆರೆ ಮಂಕಾಗಿ, ಕೋಶದೊಳಗೆ ಹಸಿರು ಚುಕ್ಕಿಗಳು ಓಡಾಡುತ್ತಿರುತ್ತವೆ. ಗಂಟೆ ಬಾರಿಸಿದ ರಿಸೆಪ್ಟರುಗಳು ಚೀಲ ಸೇರಿ, ಕರಗಿಹೋಗುವ ದಾರಿ ಹಿಡಿದಿವೆ. ಇಲ್ಲದಿದ್ದರೆ ಗಂಟೆ ನಿಲ್ಲುವುದೇ ಇಲ್ಲ. 2006ರಲ್ಲಿ ಇದು ಪ್ರಕಟವಾಯಿತು. ನಾನು ಎಷ್ಟೋ ಸಲ ನೋಡಿದ್ದೇನೆ. ಈಗಲೂ ಮೊದಲ ಚುಕ್ಕಿ ಕಂಡಾಗ ಪಕ್ಕದವರನ್ನು ಕರೆಯುತ್ತೇನೆ, ಅವರು ಬರುವುದಿಲ್ಲ.

ಹೊರಗೆ ಹೋಗುವ ಚೀಲಗಳೂ ಇವೆ. ಎಲೆಗೆ ರೋಗ ತರುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕೋಶದೊಳಗೆ ನುಗ್ಗುವುದಿಲ್ಲ, ಕೋಶಗಳ ನಡುವಿನ ಸಂದಿಯಲ್ಲಿ ಬೀಡುಬಿಡುತ್ತದೆ. ಹಾಗಾಗಿ ರೋಗ ತಡೆಯುವ ಪ್ರೋಟೀನುಗಳನ್ನು ಆ ಸಂದಿಗೇ ಸುರಿಯಬೇಕು.

ಇಷ್ಟು ಹೇಳಿದ ಮೇಲೆ ಯಾರಾದರೂ ಒಬ್ಬರು "ಹಾಗಾದ್ರೆ ಬ್ಯಾಕ್ಟೀರಿಯಾ ಸುಮ್ನೆ ಇರುತ್ತಾ?" ಅಂತ ಕೇಳಬೇಕು ಅಲ್ವಾ? ಯಾರೂ ಕೇಳುವುದಿಲ್ಲ. ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ.

ಸುಮ್ನೆ ಇರುವುದಿಲ್ಲ. ಸ್ಯೂಡೊಮೊನಾಸ್ ಸಿರಿಂಗೆ ಅಂತ ಒಂದಿದೆ. ಹೆಸರು ಬಂದಿದ್ದು ಲೈಲಾಕ್ ಗಿಡದಿಂದ, ಕೆಲಸ ಮಾತ್ರ ಸಿರಿಂಜಿನದ್ದೇ. ಸೂಜಿಯಂಥ ರಚನೆಯಿಂದ ತನ್ನ ಪ್ರೋಟೀನುಗಳನ್ನು ಗಿಡದ ಕೋಶಕ್ಕೆ ಚುಚ್ಚುತ್ತದೆ. ಅವುಗಳಲ್ಲಿ ಒಂದು ಹಾಪ್‌ಎಂ1. ಇದು ಒಳಗೆ ಹೋಗಿ ಹಿಡಿಯುವುದು ಮಿನ್7 ಅನ್ನುವ ಪ್ರೋಟೀನನ್ನು, ಅಂದರೆ ಚೀಲಗಳ ಸಾಗಣೆಗೆ ಸ್ವಿಚ್ ಒತ್ತುವವನನ್ನು. ಅದನ್ನು ತಾನೇ ಒಡೆಯುವುದಿಲ್ಲ, ಗಿಡದ್ದೇ ಕಸ ವಿಲೇವಾರಿ ಯಂತ್ರಕ್ಕೆ ತಳ್ಳುತ್ತದೆ. ಎಂಥಾ ಖದೀಮ ನೋಡಿ. ಹಾಪ್‌ಎಂ1 ಮತ್ತು ಅದರ ಅಕ್ಕಪಕ್ಕದ ಜೀನುಗಳನ್ನು ತೆಗೆದುಹಾಕಿದರೆ ಈ ಬ್ಯಾಕ್ಟೀರಿಯಾ ಎಲೆಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಅದನ್ನೇ ಮಿನ್7 ಇಲ್ಲದ ಗಿಡಕ್ಕೆ ಹಾಕಿ, ಸ್ವಲ್ಪ ಚೇತರಿಸಿಕೊಳ್ಳುತ್ತದೆ. ರಕ್ತ ಇಲ್ಲದ ಗಿಡದಲ್ಲಿ ಮುರಿಯಬೇಕಾದ್ದು ಸಾಗಣೆ ಅಂತ ಬ್ಯಾಕ್ಟೀರಿಯಾಕ್ಕೆ ಗೊತ್ತಾಗಿದೆ. ಡಾಕ್ಟರಿಗೆ ಗೊತ್ತಾಗಿಲ್ಲ.

ರೋಗ ಬಂದ ಎಲೆಯಲ್ಲಿ, ಗಾಳಿಯಲ್ಲಿ ತೇವ ಹೆಚ್ಚಿದ್ದಾಗ, ಎಣ್ಣೆ ಕಾಗದದ ಹಾಗೆ ಒದ್ದೆ ಕಲೆ ಏಳುವುದನ್ನು ನೋಡಿರಬಹುದು. ಕೋಶಗಳ ಸಂದಿಗೆ ನೀರು ತುಂಬಿಕೊಂಡಾಗ ಹಾಗಾಗುತ್ತದೆ. ಅದರಲ್ಲೂ ಹಾಪ್‌ಎಂ1 ಕೈ ಇದೆ ಅಂತ 2016ರಲ್ಲಿ ತೋರಿಸಿದರು. ಮಿನ್7 ಇಲ್ಲದ ಗಿಡಗಳಲ್ಲಿ ಹಾಪ್‌ಎಂ1 ಇಲ್ಲದೆಯೂ ಒಂದಿಷ್ಟು ಇಂಥ ಒದ್ದೆ ಕಲೆ ಕಾಣಿಸಬಹುದು.

ಇದನ್ನಾದರೂ ಹೇಳೋಣ ಅಂತ ಆ ಕುರ್ಚಿಯಲ್ಲಿ ಮಲಗಿದ್ದವನು ಕೈ ಎತ್ತಿದೆ. ನೋವಾಯಿತು ಅಂದುಕೊಂಡು ಡಾಕ್ಟರು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ಎರಡು ಗಂಟೆ ನಾಲಿಗೆಯೇ ತಿರುಗಲಿಲ್ಲ.